ರಜೆಯಲ್ಲಿದ್ದ ರಂಗಪ್ಪ

ತಿಪಟೂರಿನ ತೆಂಗಿನಪುಡಿ ಫ್ಯಾಕ್ಟರಿಯ ಮೂರನೇ ಡ್ರೈಯರಿನಲ್ಲಿ ರಂಗಪ್ಪ ಸತ್ತ ಮೇಲೂ ಎರಡು ವರ್ಷ ದುಡಿದ. ಇದು ದೆವ್ವದ ಕಥೆಯಲ್ಲ. ದೆವ್ವವಾಗಿದ್ದರೆ ಒಂದು ತಾಯತದಲ್ಲಿ ಮುಗಿದುಹೋಗುತ್ತಿತ್ತು. ಅವನನ್ನು ದುಡಿಸಿದ್ದು ಅವನ ಗೆಳೆಯ ಭೀಮರಾಜು.

ರಂಗಪ್ಪನ ಕೈಗುಣ ಅಂಥದ್ದು. ಹಾಲ್ಕುರಿಕೆಯಿಂದ ಮಾಯಸಂದ್ರದವರೆಗೆ ಯಾರು ತೆಂಗಿನ ಸಸಿ ಇಟ್ಟರೂ ಮೊದಲ ಗುಂಡಿಗೆ ಅವನನ್ನೇ ಕರೆಯುತ್ತಿದ್ದರು. ಅವನಿಟ್ಟ ಸಸಿಯ ಸುಳಿ ಕೊಳೆತದ್ದೇ ಇಲ್ಲ ಅನ್ನುತ್ತಿದ್ದರು. ಕೊಳೆತಿರಲೂಬಹುದು, ಅದನ್ನು ಯಾರು ಹೇಳಿಕೊಂಡು ತಿರುಗುತ್ತಾರೆ? ಫ್ಯಾಕ್ಟರಿಯಲ್ಲೂ ಅದೇ ನಂಬಿಕೆ. ಬೆಳಿಗ್ಗೆ ಅವನು ಡ್ರೈಯರ್ ಶುರು ಮಾಡಿದರೆ ಪುಡಿ ಮಲ್ಲಿಗೆಯ ಹಾಗೆ ಬೆಳ್ಳಗೆ ಬರುತ್ತದೆ. ಬೇರೆಯವರು ಮಾಡಿದರೆ ದೇವರೇ ಗತಿ.

ಡ್ರೈಯರ್ ಶುರು ಮಾಡಬೇಕಾದರೆ ಅದರ ಪರದೆಯ ಮೇಲೆ ಹೆಸರು, ಪಾಸ್‌ವರ್ಡ್ ಒತ್ತಬೇಕು. ರಂಗಪ್ಪನಿಗೆ ಮರೆವು ಜಾಸ್ತಿ. ಹೆಂಡತಿಯ ಹೆಸರಿನ ಮುಂದೆ ಒಂದು ಎರಡು ಮೂರು ಅಂತ ಇಟ್ಟುಕೊಂಡಿದ್ದ. ಅದೂ ಮರೆತೀತೆಂದು ಚೀಟಿಯಲ್ಲಿ ಬರೆದು ಪರದೆಯ ಪಕ್ಕದಲ್ಲೇ ಅಂಟಿಸಿದ್ದ.

"ಹೆಂಡ್ತಿ ಹೆಸ್ರುನೂ ಚೀಟಿ ನೋಡ್ಕೊಂಡು ಹೇಳ್ತೀಯೇನ್ಲಾ?" ಅಂತ ಭೀಮರಾಜು ಆಡಿಕೊಳ್ಳುತ್ತಿದ್ದ.

"ಚೀಟಿ ಇದ್ರೆ ಜಗಳ ಇರಾಕಿಲ್ಲ ಬುಡು," ಅನ್ನುತ್ತಿದ್ದ ರಂಗಪ್ಪ.

ಒಂದು ದಿನ ತುರುವೇಕೆರೆ ಬಸ್ಸಿನಲ್ಲಿ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ತಿಥಿಯಾದ ಮಾರನೆಯ ದಿನ ಭೀಮರಾಜು ತನ್ನ ಹೆಸರು ಒತ್ತಿ ಡ್ರೈಯರ್ ಶುರು ಮಾಡಿದ. ಪುಡಿ ಹಳದಿಗೆ ತಿರುಗಿತು. ಕಾಯಿ ಹಳೆಯದಿತ್ತು, ಅಷ್ಟೇ. ಆದರೆ ಮನಸ್ಸು ಒಪ್ಪಬೇಕಲ್ಲ? ಅದರ ಮಾರನೆಯ ದಿನ ಚೀಟಿ ನೋಡಿ ರಂಗಪ್ಪನ ಹೆಸರು ಒತ್ತಿದ. ಪುಡಿ ಬೆಳ್ಳಗೆ ಬಂತು. ಅಲ್ಲಿಂದ ಅದೇ ರೂಢಿಯಾಯಿತು.

ಪರದೆಯ ಮೇಲೆ ದಪ್ಪಕ್ಷರ ಮೂಡುತ್ತಿತ್ತು: 'ರಂಗಪ್ಪ, ಕೆಲಸದಲ್ಲಿದ್ದಾರೆ.' ಅದು ನೇರ ಕಾಣುವ ಕಿಟಕಿಯಾಚೆ ಗಂಗಕ್ಕ ಕೂರುತ್ತಿದ್ದಳು. ರಂಗಪ್ಪನ ಹೆಂಡತಿ. ಒಡೆದ ಕಾಯಿಯ ಕರಿಸಿಪ್ಪೆ ಹೆರೆಯುವುದು ಅವಳ ಕೆಲಸ. ಅವಳು ಹೆರೆದ ಸಿಪ್ಪೆ ಬೆಳಕಿಗೆ ಹಿಡಿದರೆ ಆಚೆಯದು ಕಾಣಬೇಕು, ಅಷ್ಟು ತೆಳು. ಒಂದು ಚೂರೂ ಬಿಳಿ ಅದರ ಜೊತೆ ಹೋಗುತ್ತಿರಲಿಲ್ಲ. ದಿನಾ ಬೆಳಿಗ್ಗೆ ಕತ್ತಿ ಎತ್ತುವ ಮುಂಚೆ ಕಿಟಕಿಯಿಂದ ಕೇಳುತ್ತಿದ್ದಳು.

"ಬಂದ್ನಾ, ಭೀಮಣ್ಣ?"

"ಬಂದವ್ನೆ ಕಣಕ್ಕ."

ಆಮೇಲೇ ಮೊದಲ ಕಾಯಿ ಕೈಗೆತ್ತಿಕೊಳ್ಳುತ್ತಿದ್ದಳು.

ಈ ವರ್ಷ ಪುಡಿ ಕೊಳ್ಳುವ ಹೊರದೇಶದವರು ಹೊಸ ತಕರಾರು ತೆಗೆದರು. ಫೋನಿಗೂ ನೆಟ್ಟಿಗೂ ಸಿಕ್ಕುವ ನಿಮ್ಮ ಮೆಷಿನ್ನುಗಳು ಭದ್ರವಾಗಿರಬೇಕು ಅಂದರು. ಆ ಕೆಲಸಕ್ಕೆ ತುಮಕೂರಿನಿಂದ ಗಿರಿಜಾಂಬಿಕಾ ಎಂಬ ಇಂಜಿನಿಯರ್ ಹುಡುಗಿ ಬಂದಳು. ಬಾಯ್ಲರಿಗೊಂದು, ಬಿಸಿ ಅಳೆಯುವ ಸೆನ್ಸರಿಗೊಂದು, ಕೆಲಸದವರಿಗೆ ಒಬ್ಬೊಬ್ಬರಿಗೂ ಒಂದೊಂದು ಗುರುತು ಕೊಟ್ಟಳು.

"ಮನುಷ್ಯರಿಗೆ ಆಧಾರ್ ಇದ್ದಂಗೆ ಕಣ್ರೀ. ಯಾರು ನೀನು ಅಂತ ಕೇಳ್ದೆ ಇನ್ಮೇಲೆ ಮೆಷಿನ್ನು ಯಾರ ಮಾತೂ ಕೇಳಲ್ಲ."

"ನಮ್ಮನೇಲಿ ಕೇಳಿದ್ರೂ ಕೇಳಲ್ಲ ಮೇಡಮ್ಮೋರೆ," ಅಂದ ಭೀಮರಾಜು. ಹುಡುಗಿ ನಕ್ಕಳು. ಪಟ್ಟಿ ಓದುತ್ತಾ ಬಂದವಳು ಒಂದು ಕಡೆ ನಿಂತಳು.

"ಮೂರನೇ ಡ್ರೈಯರು, ರಂಗಪ್ಪ. ಹೊಸ ಗುರುತು ತಗೊಂಡಿಲ್ವಲ್ಲ. ಎಲ್ಲಿ ಅವ್ರು?"

ಭೀಮರಾಜು ಕಿಟಕಿಯ ಕಡೆ ನೋಡಿದ. ಗಂಗಕ್ಕನ ಕತ್ತಿ ನಿಂತಿತ್ತು.

"ರಜದಲ್ಲವ್ನೆ ಮೇಡಮ್ಮೋರೆ. ಬತ್ತಾನೆ."

"ಸರಿ, ಬಂದಮೇಲೆ ಮಾಡೋಣ. ಅಲ್ಲೀತಂಕ ಹಳೇದೇ ಇರ್ಲಿ." ಹೀಗೆ ಎಲ್ಲ ಬಾಗಿಲಿಗೂ ಬೀಗ ಬಿತ್ತು, ರಂಗಪ್ಪನ ಬಾಗಿಲೊಂದು ಬಿಟ್ಟು.

ಆಯುಧಪೂಜೆ ಬಂತು. ಭೀಮರಾಜು ಡ್ರೈಯರು ತೊಳೆದು, ಬಾಳೆಕಂದು ಕಟ್ಟಿ, ವಿಭೂತಿ ಕುಂಕುಮ ಇಟ್ಟ. ಪರದೆಯ ಮೇಲೆ ರಂಗಪ್ಪನ ಫೋಟೋ ಇಟ್ಟು ಚೆಂಡುಹೂವಿನ ಹಾರ ಹಾಕಿದ. ಚೆನ್ನಾಗಿ ಕಂಡಿತು. ಮೊಬೈಲಿನಲ್ಲಿ ಹಿಡಿದು ಸ್ಟೇಟಸ್ಸಿಗೆ ಹಾಕಿದ, ಕೊಬ್ಬರಿ ವ್ಯಾಪಾರದವರ ಗುಂಪಿಗೂ ಕಳಿಸಿದ. ಎಷ್ಟು ಜನ ಕೈಮುಗಿದರು, ಎಷ್ಟು ಜನ ಮುಂದಕ್ಕೆ ಕಳಿಸಿದರು. ಫೋಟೋದ ಪಕ್ಕದಲ್ಲಿ ಚೀಟಿ ಇತ್ತು. ಹೆಸರೂ ಪಾಸ್‌ವರ್ಡೂ ಸ್ಪಷ್ಟವಾಗಿ ಕಾಣುತ್ತಿದ್ದವು.

ಕಾರ್ತಿಕದ ಒಂದು ಬುಧವಾರ, ಹೊತ್ತು ಹನ್ನೊಂದು. ಭೀಮರಾಜು ಬಾಯ್ಲರಿನವನಿಗೆ ಉರಿಗೆ ಚಿಪ್ಪು ಕಡಿಮೆ ಹಾಕಲು ಹೇಳಿ ಬರಲು ಹೋಗಿದ್ದ. ಅಷ್ಟರಲ್ಲಿ ಮೂರನೇ ಡ್ರೈಯರಿನ ಬಿಸಿ ತೊಂಬತ್ತರಿಂದ ನೂರೈವತ್ತಕ್ಕೆ ಏರಿತು. ಕರಕಲು ವಾಸನೆ ಬಂದು ಪ್ಯಾಕಿಂಗಿನ ಶಿಲ್ಪ ಡ್ರೈಯರಿನ ಬಾಗಿಲು ತೆಗೆದಳು. ಒಳಗೆ ಹೊತ್ತಿಕೊಂಡಿದ್ದ ಪುಡಿ ಭಗ್ ಎಂದು ಅವಳ ಬಲಗೈಗೆ ಬಡಿಯಿತು. ಭೀಮರಾಜು ಓಡಿ ಬಂದಾಗ ಪರದೆಯ ಮೇಲೆ ಇದ್ದದ್ದು ಇಷ್ಟೇ: 'ಬಿಸಿ ಬದಲಿಸಿದವರು: ರಂಗಪ್ಪ.'

ಮೊಣಕೈವರೆಗೆ ಚರ್ಮ ಹೋಗಿತ್ತು. ಅವಳಿಗೆ ಇಪ್ಪತ್ತೆರಡು ವರ್ಷ. ಆಸ್ಪತ್ರೆಯ ಜಗಲಿಯಲ್ಲಿ ಅವಳ ತಾಯಿ ಎಲ್ಲರ ಎದುರಿಗೇ ಶಾಪ ಹಾಕಿದಳು. "ಸತ್ತೋನು ಸುಮ್ಕಿರಬಾರ್ದಾ? ನನ್ನ ಮಗಳ ಕೈ ತಿಂದ್ನಲ್ಲೋ!" ಗಂಗಕ್ಕ ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದಳು. ಸೆರಗು ಬಾಯಿಗೆ ಹೋಯಿತು.

ಗಿರಿಜಾಂಬಿಕಾ ಮತ್ತೆ ಬಂದಳು. ಯಾರೋ ಹೊರಗಿನವರು, ಎಲ್ಲೋ ಕೂತು, ನೆಟ್ಟಿನ ಮೂಲಕ ರಂಗಪ್ಪನ ಹೆಸರಿನಲ್ಲಿ ಒಳಗೆ ಬಂದಿದ್ದಾರೆ, ಅವರು ಸಿಗುವುದು ಕಷ್ಟ ಅಂದಳು. "ಪಾಸ್‌ವರ್ಡ್ ಅವ್ರಿಗೆ ಹೆಂಗೆ ಸಿಕ್ತು? ಅದನ್ನ ವರದೀಲಿ ಬರೀಬೇಕು."

ಮ್ಯಾನೇಜರ್ ಹನುಮಂತರಾಜು ಕೆಟ್ಟವನಲ್ಲ, ಸುಲಭದ ದಾರಿ ಹುಡುಕುವವನು. ಭೀಮರಾಜುವನ್ನು ಪಕ್ಕಕ್ಕೆ ಕರೆದ.

"ನೋಡಯ್ಯ, ಬದುಕಿದ್ದಾಗ ರಂಗಪ್ಪನೇ ಯಾರಿಗೋ ಹೇಳಿದ್ದ ಅಂತ ಬರ್ಸೋಣ. ಸತ್ತೋನ್ನ ಯಾರು ಕೆಲಸದಿಂದ ತೆಗೀತಾರೆ? ನಿಂದೂ ಉಳೀತದೆ."

"ಗಂಗಕ್ಕ ಅವ್ಳೆ ಸಾರ್ ಇಲ್ಲೇ."

"ಅವಳೇನು ಇಂಗ್ಲಿಷ್ ವರದಿ ಓದ್ತಾಳಾ?"

ಓದುವುದಿಲ್ಲ. ಆದರೆ ಶಿಲ್ಪಳ ತಾಯಿಯ ಬಾಯಿ ಕನ್ನಡದ್ದು. ಊರಿನ ಮೊದಲ ಸಸಿಗೆ ಕರೆಯುತ್ತಿದ್ದ ಕೈ ಇನ್ನು ಮೇಲೆ ಹುಡುಗಿಯ ಕೈ ಸುಟ್ಟ ಕೈ ಆಗುತ್ತದೆ. ಭೀಮರಾಜು ಆ ದಿನ ಊಟದ ಡಬ್ಬಿ ತೆಗೆಯಲಿಲ್ಲ. ಮಧ್ಯಾಹ್ನ ಗಿರಿಜಾಂಬಿಕಾ ಮುಂದೆ ಹೋಗಿ ಮೊಬೈಲು ಇಟ್ಟ. ಹಾರ, ಫೋಟೋ, ಚೀಟಿ.

"ಅವ್ನು ಸತ್ತು ಎರಡು ವರ್ಷ ಆಯ್ತು ಮೇಡಮ್ಮೋರೆ. ದಿನಾ ಅವ್ನ ಹೆಸ್ರು ಒತ್ತಿದ್ದು ನಾನು. ಇದನ್ನ ಊರಿಗೆಲ್ಲ ಹಂಚಿದ್ದೂ ನಾನು. ಬರ್ಕೊಳ್ಳಿ."

ಅವಳು ಫೋಟೋ ದೊಡ್ಡದು ಮಾಡಿ ಚೀಟಿ ಓದಿದಳು. "ಆವತ್ತೇ ಹೇಳಿದ್ರೆ ಆ ಹುಡುಗಿ ಕೈ..." ಅಂದವಳು ವರದಿಯ ಹಾಳೆ ಎಳೆದುಕೊಂಡಳು.

ವರದಿ ಹೋಯಿತು. ಮಾರನೆಯ ದಿನವೇ ಹನುಮಂತರಾಜು ಮುಖ ನೋಡದೆ, "ನಾಳೆಯಿಂದ ಬರ್ಬೇಡ ಕಣಯ್ಯ" ಅಂದ. ಗಿರಿಜಾಂಬಿಕಾ ಚೀಟಿ ಕಿತ್ತು, ಪರದೆಯಿಂದ ರಂಗಪ್ಪನ ಹೆಸರು ತೆಗೆದಳು. ತೆಗೆಯಲು ಕಾರಣ ಕೇಳಿತು ಮೆಷಿನ್ನು. 'ಮರಣ' ಅಂತ ಒತ್ತಿದಳು.

ಭೀಮರಾಜು ಬುತ್ತಿ ಚೀಲ ಹೆಗಲಿಗೇರಿಸಿಕೊಂಡು ಕಿಟಕಿಯ ಹತ್ತಿರ ಬಂದ. ಆ ಹೆಂಗಸಿಗೆ ಒಂದು ಒಳ್ಳೆಯ ಸುದ್ದಿಯನ್ನಾದರೂ ಹೇಳಿ ಹೋಗೋಣವೆಂದು.

"ಗಂಗಕ್ಕ, ರಂಗನ ಮೇಲೆ ಏನೂ ತಪ್ಪಿಲ್ಲ ಅಂತ ಬರ್ದವ್ರೆ. ಶಿಲ್ಪನ ಅವ್ವಂಗೂ ಹೇಳಿದೀನಿ. ಅವ್ನ ಹೆಸ್ರು ಚೊಕ್ಕಟ ಆಯ್ತು."

ಗಂಗಕ್ಕ ಖಾಲಿ ಪರದೆ ನೋಡುತ್ತಿದ್ದಳು.

"ಯಾಕೆ ಹೇಳ್ದೆ ಭೀಮಣ್ಣ?"

"ಅಲ್ಲಕ್ಕ, ಜನ ಅವ್ನ ಬೈತಿದ್ರಲ್ಲ..."

"ಬೈಲಿ ಬುಡು. ಇದ್ದಾಗ ನಾನು ಬೈದಿಲ್ವಾ? ತಪ್ಪು ಮಾಡ್ದ ಅಂದ್ರೂ, ಇನ್ನೂ ಇಲ್ಲೇ ಅವ್ನೆ ಅಂತಾದ್ರೂ ಇತ್ತು."

ಅವಳು ಕಾಯಿ ಕೈಗೆತ್ತಿಕೊಂಡಳು. ಕತ್ತಿ ಆಳಕ್ಕೆ ಇಳಿಯಿತು, ಕರಿಸಿಪ್ಪೆಯ ಜೊತೆ ಬೆರಳುದಪ್ಪ ಬಿಳಿಯೂ ಕೆಳಗೆ ಬಿತ್ತು. ಇನ್ನೊಂದು ಕಾಯಿ, ಅದೂ ಹಾಗೇ. ಅಕ್ಕಪಕ್ಕದ ಹೆಂಗಸರು ನೋಡಿದರು. ಭೀಮರಾಜು ಗೇಟಿನವರೆಗೆ ಹೋಗಿ ತಿರುಗಿ ನೋಡಿದಾಗಲೂ ಅವಳ ಕಾಲಬುಡದಲ್ಲಿ ಬೆಳ್ಳಗೆ ಬೀಳುತ್ತಲೇ ಇತ್ತು.