ಮದುವೆ ಕಾರ್ಡಿನ ‘ರೇಮೆಂಟ್’

ಚನ್ನಪಟ್ಟಣದಿಂದ ತನ್ನ ಮದುವೆ ಕಾರ್ಡಿನ ಕಟ್ಟು ಬಂದಾಗ ಸುಹಾನಾಗೆ ಖುಷಿಯ ಜೊತೆಗೆ ಒಂದು ತಲೆನೋವೂ ಬಂತು. ಹುಡುಗ ವಾಸಿಂ ಗೊಂಬೆ ಮಾಡುವ ಮನೆತನದವನು. ಬಿಡದಿಯ ಹೊಸ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕ ಮೇಲೆ ಅವನಿಗೆ ಇಂಗ್ಲಿಷಿನ ಮೋಹ. ಕಾರ್ಡನ್ನೂ ಇಂಗ್ಲಿಷಿನಲ್ಲೇ ಹಾಕಿಸಿದ್ದ. ಮೇಲುಗಡೆ ಕುರಾನಿನದೊಂದು ಸಾಲು: ಗಂಡ ಹೆಂಡತಿಗೆ ‘ರೇಮೆಂಟ್’, ಹೆಂಡತಿ ಗಂಡನಿಗೆ ‘ರೇಮೆಂಟ್’. ಪಿಯುಸಿ ಓದಿದ್ದ ಸುಹಾನಾಗೆ ಉಳಿದದ್ದೆಲ್ಲ ತಿಳಿಯಿತು, ಆ ಒಂದು ಪದ ಮಾತ್ರ ಬಗೆಹರಿಯಲಿಲ್ಲ.

ಮಾರನೆಯ ದಿನ ತಾನು ಹೊಲಿಗೆಗೆ ಹೋಗುವ ರಾಮನಗರದ ಗಾರ್ಮೆಂಟ್ಸಿಗೆ ಕಾರ್ಡು ಒಯ್ದಳು. ಪಕ್ಕದ ಮಿಷನ್ನಿನ ಭಾನುಪ್ರಿಯ, ಹೊಂಗನೂರಿನವಳು, ಊಟದ ಹೊತ್ತಿನಲ್ಲಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಪೇಮೆಂಟ್ ಗೊತ್ತು, ಗಾರ್ಮೆಂಟ್ ಗೊತ್ತು. ಇದ್ಯಾವ ಮೆಂಟು ಕಣಮ್ಮಿ?”

ಸೂಪರ್‌ವೈಸರ್ ಅನಂತರಾಜು ಇಣುಕಿ ಓದಿದ. “ಪ್ರೆಸ್ಸಿನೋರು ತಪ್ಪು ಹಾಕವ್ರೆ. ಅರೇಂಜ್‌ಮೆಂಟ್ ಅಂತ ಇರ್ಬೇಕು. ಅರೇಂಜ್ಡ್ ಮ್ಯಾರೇಜ್ ತಾನೆ?”

ಹೆಂಗಸರು ಬಿದ್ದು ಬಿದ್ದು ನಕ್ಕರು. ಸುಹಾನಾಳೂ ನಕ್ಕಳು, ಒಳಗೊಳಗೇ ಕಸಿವಿಸಿ. ತನ್ನ ಮದುವೆ ಕಾರ್ಡು ತನಗೇ ಅರ್ಥವಾಗದಿದ್ದರೆ ಹೇಗೆ? ಬಸ್‌ಸ್ಟ್ಯಾಂಡಿನಲ್ಲಿ ಕೊಂಡ ಪುಟ್ಟ ಡಿಕ್ಷನರಿಯಲ್ಲೂ ಆ ಪದವಿರಲಿಲ್ಲ.

ಆ ಸಾಲಿನ ಕೆಳಗೆ ಅಧ್ಯಾಯದ, ವಚನದ ಸಂಖ್ಯೆ ಇತ್ತು. ಸಂಜೆ ಕುರಾನ್ ತೆಗೆದು, ಜಾಗ ಹುಡುಕಿ, ಚಿಕ್ಕಂದಿನಿಂದ ಓದಿ ಬಾಯಿಪಾಠವಾಗಿದ್ದ ಅರಬ್ಬಿಯನ್ನು ಮೆಲ್ಲಗೆ ಓದತೊಡಗಿದಳು. ಒಂದು ಕಡೆ ತಟ್ಟನೆ ನಿಂತಳು. ‘ಲಿಬಾಸ್’! ಮನೆಯ ಉರ್ದುವಿನಲ್ಲಿ ದಿನಾ ಆಡುವ ಮಾತು. ‘ರೇಮೆಂಟ್’ ಅಂದರೆ ಉಡುಪು! ಇಷ್ಟು ವರ್ಷ ಬಾಯಲ್ಲಿದ್ದೂ ಕಿವಿಗೆ ಬಿದ್ದಿರಲಿಲ್ಲ.

ಅಕ್ಕಿ ಆರಿಸುತ್ತಿದ್ದ ತಾಯಿ ಜಹೀದಾಗೆ ಹೇಳಿದಾಗ ಅವರು ಮೊರ ಕೆಳಗಿಟ್ಟರು. “ಸರಿಯಾಗೇ ಇದೆ. ಉಡುಪು ಮಾನ ಮುಚ್ಚುತ್ತೆ, ಚಳಿ ತಡೆಯುತ್ತೆ. ಮೈಗೆ ಅಷ್ಟು ಹತ್ತಿರ ಇನ್ನೇನಿರುತ್ತೆ?”

ಸುಹಾನಾ ಕೂಡಲೇ ವಾಸಿಂಗೆ ಫೋನು ಮಾಡಿ ಆ ಪದದ ಅರ್ಥ ಹೇಳಿದಳು.

“ನಿಜ ಹೇಳಲಾ? ನಂಗೂ ಗೊತ್ತಿರ್ಲಿಲ್ಲ,” ಎಂದ ಅವನು. “ಪ್ರೆಸ್ಸಲ್ಲಿ ತೋರಿಸಿದ ಮಾದರಿಗಳಲ್ಲಿ ಇದೇ ಗಂಭೀರವಾಗಿ ಕಾಣ್ತು. ಹಳೇ ಕಾಲದ ಇಂಗ್ಲಿಷಂತೆ.”

“ಒಬ್ಬರ ಕೊರತೆ ಇನ್ನೊಬ್ಬರು ಮುಚ್ಚಬೇಕಂತೆ.”

“ಹಾಗಾದ್ರೆ ಈಗಲೇ ಹೇಳಿಬಿಡ್ತೀನಿ, ನಂಗೆ ಅನ್ನ ಮಾಡೋಕೂ ಬರಲ್ಲ.”

“ನಂಗೂ ಅಷ್ಟಕ್ಕಷ್ಟೇ,” ಎಂದಳು ಸುಹಾನಾ. ಆಚೆ ಬದಿಯಲ್ಲಿ ಅವನು ನಗುವುದು ಬಹಳ ಹೊತ್ತು ಕೇಳಿಸಿತು.

ಅವಳು ಹಟ ಹಿಡಿದದ್ದಕ್ಕೆ ವಾಸಿಂ ಕನ್ನಡದಲ್ಲೂ ಒಂದಷ್ಟು ಕಾರ್ಡು ಹಾಕಿಸಿದ. ಭಾನುಪ್ರಿಯ ‘ಉಡುಪು’ ಎಂಬಲ್ಲಿ ಬೆರಳಿಟ್ಟು ಓದಿ, “ಹಂಗಾದ್ರೆ ನಮ್ಮೆಜಮಾನ್ರು ಒಸಿ ಬಿಗಿ ಆಗವ್ರೆ ಕಣಮ್ಮಿ, ಹೊಲಿಗೆ ಬಿಚ್ಚಬೇಕು,” ಎಂದಳು.

ಮದುವೆಗೆ ಗಾರ್ಮೆಂಟ್ಸಿನ ಗೆಳತಿಯರೆಲ್ಲ ಬಂದರು. ಗಡಿಬಿಡಿಯಲ್ಲಿ ಸುಹಾನಾಳ ದುಪಟ್ಟಾದ ಅಂಚು ಕಿತ್ತುಬಂದಿತ್ತು. ಭಾನುಪ್ರಿಯ ಸೂಜಿ ಕೇಳಿ ಪಡೆದು, ಪಕ್ಕದಲ್ಲೇ ಕೂತು ಅದನ್ನು ಹೊಲಿದುಕೊಟ್ಟಳು.