ಗುರುಬಾಯಿಯ ಎಡಗಾಲು

ಗುರುಬಾಯಿ ಹುಟ್ಟುವಾಗ ತಲೆಗಿಂತ ಮೊದಲು ಕಾಲು ಹೊರಗೆ ಬಂದಿತ್ತಂತೆ. ಅಂಥವರು ತುಳಿದರೆ ಸೊಂಟದ ಉಳುಕು ಬಿಡುತ್ತದೆ ಎಂದು ರಾಯಚೂರು ಕಡೆಯ ಮಂದಿ ನಂಬುತ್ತಾರೆ. ಹಾಗಾಗಿ, ಆ ಕಡೆಯಿಂದ ನಗರಕ್ಕೆ ದುಡಿಯಲು ಬಂದ ಉಪ್ಪಲ್‌ನ ಕೂಲಿಕಾರರ ಶೆಡ್ಡುಗಳ ನಡುವೆ ಪ್ರತಿ ಭಾನುವಾರ ಬೆಳಿಗ್ಗೆ ಆಕೆಯ ದರ್ಬಾರು. ಸಿಮೆಂಟು ಹೊರುವವರು, ನೆಲಕ್ಕೆ ಫರ್ಶಿ ಕಲ್ಲು ಹಾಸುವವರು ಸಾಲಾಗಿ ಬೋರಲು ಮಲಗುವರು. ಗುರುಬಾಯಿ ಸೀರೆ ಎತ್ತಿ ಕಟ್ಟಿ, ಎಡಗಾಲಿನಿಂದ ಮೂರು ಸಲ ತುಳಿದು, "ಏಳಪಾ ರಾಜಾ" ಎಂದು ಎಬ್ಬಿಸುವಳು. ಆಕೆಗೆ ಬೇಕಾದದ್ದು ದೊಡ್ಡಸ್ತಿಕೆ ಒಂದೇ. ಅದು ಹೊಟ್ಟೆ ತುಂಬ ಸಿಗುತ್ತಿತ್ತು.

ಅಂಥ ಕಾಲೇ ಕೈಕೊಟ್ಟಿತು. ಸೊಂಟದಿಂದ ಮೀನಖಂಡದವರೆಗೆ ಸೆಳೆತ, ಪಾದದಲ್ಲಿ ಜೋಮು. ಚಪ್ಪಲಿ ಜಾರಿ ಬಿದ್ದರೂ ಗೊತ್ತಾಗದೆ ನಾಲ್ಕು ಹೆಜ್ಜೆ ನಡೆದುಬಿಡುವಳು. ಊರವರ ಸೊಂಟ ನೆಟ್ಟಗೆ ಮಾಡುವವಳಿಗೇ ಸೊಂಟನೋವು ಎಂದರೆ ಮರ್ಯಾದೆ ಏನಾಗಬೇಕು? ಹಲ್ಲು ಕಚ್ಚಿ ಸುಮ್ಮನಿದ್ದಳು. ಸೊಸೆ ಶೈಲಾ ಬಿಡಬೇಕಲ್ಲ. ಒಂದು ಸೋಮವಾರ ಹಟ ಹಿಡಿದು ನಾಂಪಲ್ಲಿಯ ಆಸ್ಪತ್ರೆಯೊಂದಕ್ಕೆ ಹೊರಡಿಸಿಕೊಂಡು ಹೋದಳು.

ಡಾಕ್ಟರು ಅನ್ವಿತಾ ಮೈಸೂರಿನ ಹುಡುಗಿ. "ಎಡಗಾಲಿನ ಹೆಬ್ಬೆರಳು ಮೇಲಕ್ಕೆತ್ತಿ, ಅಮ್ಮ" ಎಂದಳು. ಗುರುಬಾಯಿ ಎತ್ತಲು ನೋಡಿದಳು, ಬೆರಳು ಏಳಲಿಲ್ಲ. ಮತ್ತೆ ನೋಡಿದಳು, ಹುಬ್ಬು ಮಾತ್ರ ಎದ್ದವು. ಆಗ ಆಕೆಗೆ ನಿಜಕ್ಕೂ ಹೆದರಿಕೆಯಾಯಿತು.

ಸ್ಕ್ಯಾನ್ ನೋಡಿ ಡಾಕ್ಟರು ಹೇಳಿದಳು: "ಸೊಂಟದ ಮೂಳೆಗಳ ನಡುವಿನ ಮೆತ್ತೆ ಜರುಗಿ ನರವನ್ನು ಒತ್ತುತ್ತಿದೆ. ಇನ್ನೂ ತಡವಾಗಿಲ್ಲ. ಮಾತ್ರೆ, ವ್ಯಾಯಾಮದಲ್ಲೇ ಸರಿಹೋಗಬಹುದು, ಇಲ್ಲದಿದ್ದರೆ ಆಪರೇಷನ್. ಆದರೆ ಯಾರ ಹತ್ತಿರವೂ ತುಳಿಸಿಕೊಳ್ಳಬೇಡಿ, ನರ ಪೂರ್ತಿ ಹಾಳಾದೀತು."

ತುಳಿಯುವವಳೇ ತಾನು ಎನ್ನಲು ಗುರುಬಾಯಿಗೆ ಬಾಯಿ ಬರಲಿಲ್ಲ.

ಭಾನುವಾರದ ಹೊತ್ತಿಗೆ ಆಕೆಯ ಸೊಂಟನೋವಿನ ಸುದ್ದಿ ಹಬ್ಬಿತ್ತು. ಫರ್ಶಿ ಕೆಲಸದ ಲಿಂಗಣ್ಣ ಉಪಕಾರ ತೀರಿಸಲೆಂದು ಕ್ರೇನ್ ನಡೆಸುವ ಪರಮೇಶನನ್ನು ಕರೆತಂದಿದ್ದ. ಪರಮೇಶನ ತೂಕ ಒಂದು ಕ್ವಿಂಟಾಲಿಗೆ ಕಡಿಮೆಯಿರಲಿಲ್ಲ.

"ಇಂವನೂ ಕಾಲು ಮುಂದಾಗಿ ಹುಟ್ಟಿದಾಂವ ರೀ. ಭಾಳ ಹುಡುಕಿ ತಂದೀನಿ. ಮಲಕೋರಿ, ಮೂರು ಸಲ ತುಳದ ಬಿಡ್ತಾನ" ಎಂದ ಲಿಂಗಣ್ಣ.

ಪರಮೇಶನ ಪಾದದ ಅಗಲ ನೋಡಿದ ಗುರುಬಾಯಿ ಗೋಡೆಗೆ ಅಂಟಿಕೊಂಡಳು. "ದೂರ ನಿಲ್ಲಪಾ. ನರ ಒತ್ತೈತಿ. ತುಳದ್ರ ಕಾಲು ಹೋಗ್ತೈತಿ ಅಂದಾಳ ಡಾಕ್ಟರು."

ಎಲ್ಲರೂ ನಕ್ಕರು. ಲಿಂಗಣ್ಣ ಮಾತ್ರ ಪೆಚ್ಚಾಗಿ ಕೇಳಿದ: "ಹಂಗಾದ್ರ ಇಷ್ಟು ದಿನ ನೀವು ನಮ್ಮನ್ನ ತುಳದದ್ದು?"

ಸುಳ್ಳು ಹೇಳಿದರೆ ದರ್ಬಾರು ಉಳಿಯುತ್ತಿತ್ತು. ನಾಲಿಗೆಯ ತುದಿಗೆ ಒಂದು ಬಂದೂ ಇತ್ತು. ಗುರುಬಾಯಿ ಅದನ್ನು ನುಂಗಿಕೊಂಡಳು.

"ಎಲ್ಲಾರೂ ಚಪ್ಪಲ್ ಬಿಟ್ಟು ಕುಂದರ್ರಿ. ಕಾಲಿನ ಹೆಬ್ಬಟ್ಟು ಮ್ಯಾಲೆತ್ತರಿ."

ಹನ್ನೊಂದು ಮಂದಿ ಕಿಸಿಕಿಸಿ ನಗುತ್ತ ಎತ್ತಿದರು. ಪರಮೇಶನೂ ಎತ್ತಿದ. ಲಿಂಗಣ್ಣನ ಬಲಗಾಲಿನ ಬೆರಳು ಮಾತ್ರ ಮಿಸುಕಲಿಲ್ಲ. ನಗು ನಿಂತಿತು.

ಆ ಬೆನ್ನನ್ನು ವರ್ಷದಿಂದ ತುಳಿದವಳು ತಾನೇ. ಗುರುಬಾಯಿ ಗೋಡೆ ಹಿಡಿದು ಮೆಲ್ಲಗೆ ಅವನ ಪಕ್ಕ ಕುಳಿತಳು.

"ತಪ್ಪಾತು ನಂದು, ಲಿಂಗಣ್ಣ. ಇನ್ನ ಯಾರನ್ನೂ ತುಳಿಯಂಗಿಲ್ಲ. ನಾಳಿ ನನ್ನ ಜೋಡಿ ದವಾಖಾನಿಗೆ ಬಾ. ತುಳದಾಕಿ ನಾನ ಅಂತ ಆ ಡಾಕ್ಟರ್ ಹುಡುಗಿಗೆ ಹೇಳ್ತೀನಿ."

"ಆಕಿ ಬೈದ್ರ?"

"ಬೈಲಿ. ಇಬ್ಬರೂ ಕೂಡಿ ಬೈಸಿಕೊಳ್ಳೂಣು."