ಖಜಾನೆಯ ಒಳಚಿಲಕ

ಒಳಹಜಾರಕ್ಕೆ ಕಾಲಿಡುವಾಗ ಆ ಮುದುಕಿ ತಲೆ ಬಗ್ಗಿಸಿದಳು. ನನ್ನ ಅನುಮಾನ ಹುಟ್ಟಿದ್ದು ಅಲ್ಲಿಂದ. ಸಾಹುಕಾರರ ಹಳೆಯ ಮನೆಯನ್ನು ಊರಿನ ವಸ್ತುಸಂಗ್ರಹಾಲಯ ಮಾಡುವಾಗಲೇ ಅಲ್ಲಿದ್ದ ತಗ್ಗು ತೊಲೆಯನ್ನು ತೆಗೆಸಿದ್ದೆವು. ಈಗ ಯಾರೂ ಬಗ್ಗಬೇಕಿರಲಿಲ್ಲ. ಟಿಕೆಟ್ ಕೊಳ್ಳುವಾಗ ಆಕೆ, "ಈ ಮನೆಯೊಳಗೆ ಇದೇ ಮೊದಲು ಬರ್ತಿರೋದು ತಾಯಿ," ಎಂದಿದ್ದಳು.

ಮುಂದಿನ ವಾರವೂ ಬಂದಳು, ಅದರ ಮುಂದಿನ ವಾರವೂ. ಬೇರೇನನ್ನೂ ನೋಡದೆ ನೆಟ್ಟಗೆ ಖಜಾನೆ ಕೋಣೆಗೆ ಹೋಗುತ್ತಿದ್ದಳು. ಅಲ್ಲಿನ ಬೆಳ್ಳಿ ಸಾಮಾನಿಗೆಲ್ಲ ಮೇಲ್ವಿಚಾರಕಿಯಾದ ನಾನೇ ಹೊಣೆ. ಕಾವಲುಗಾರ ಮಾಯಿಗಪ್ಪನಿಗೆ ಹೇಳಿದರೆ ನಕ್ಕ. "ಮೇಡಂ, ಹಲ್ಲಿ ಲೊಚಗುಟ್ಟಿದರೂ ನಿಮಗೆ ಕಳ್ಳರೇ ಕಾಣ್ತಾರೆ."

ಒಂದು ದಿನ ಹಿಂದೆಯೇ ಹೋದೆ. ಆಕೆ ಕೋಣೆಯ ಬಾಗಿಲ ಹಿಂದೆ ಕುಕ್ಕರುಗಾಲಲ್ಲಿ ಕೂತು, ಅಲ್ಲಿದ್ದ ಚಿಲಕಕ್ಕೆ ಸೆರಗಿನ ತುದಿಯಿಂದ ಎಣ್ಣೆ ಸವರುತ್ತಿದ್ದಳು.

"ಏನದು?" ಎಂದೆ.

ಬೆಚ್ಚಲಿಲ್ಲ. "ತುಕ್ಕು ಹಿಡಿದರೆ ಕಿರುಗುಟ್ಟುತ್ತೆ. ಕಿರುಗುಟ್ಟಿದರೆ ಧಣಿಗೆ ಕೇಳೋದು."

"ಯಾವ ಧಣಿ?"

"ಹಳೇ ಸಾಹುಕಾರರು. ಕುಡಿದು ಬಾರುಕೋಲು ಹಿಡ್ಕೊಂಡು ಬರ್ತಿದ್ರು. ನಮ್ಮವ್ವ ಇಲ್ಲಿ ಅಡುಗೆಗಿದ್ದಳು. ಖಜಾನೆ ಅಂತ ಹಲಗೆ ಹಾಕಿದ್ದೀರಲ್ಲ, ಖಜಾನೆಗೆ ಯಾರಾದರೂ ಒಳಗಿಂದ ಚಿಲಕ ಹಾಕ್ಕೋತಾರಾ? ಇದು ಅಮ್ಮಾವ್ರು ಗುಟ್ಟಾಗಿ ಹಾಕಿಸಿದ್ದು. ಮಕ್ಕಳ ಕೈಗೆ ಎಟುಕಲಿ ಅಂತ ಇಷ್ಟು ಕೆಳಗೆ."

ನಾನು ಪೂರ್ತಿ ನಂಬಲಿಲ್ಲ. ಮೊದಲ ದಿನವೇ ಸುಳ್ಳು ಹೇಳಿದವಳು. ಆದರೆ ಮರುದಿನ ಬಡಗಿ ಬಂದು ಆ ಬಾಗಿಲನ್ನು ಕಿತ್ತು ಗಾಜು ಕೂರಿಸುವವನಿದ್ದ. ಬಾಗಿಲು ಹೋದರೆ ಅವಳ ಮಾತಿಗೆ ಸಾಕ್ಷಿಯೇ ಇರುವುದಿಲ್ಲ. ಗಾಜು ಹಾಕಿಸಲು ಹೇಳಿದ್ದವರು ಹಳೆಯ ಸಾಹುಕಾರರ ಮಗ, ನಮ್ಮ ಅಧ್ಯಕ್ಷರಾದ ಚೆನ್ನವೀರಪ್ಪನವರು.

ಸಂಜೆ ಅವರು ಬಂದಾಗ ಅಳೆದು ತೂಗಿ ಹೇಳಿದೆ: "ಈ ಬಾಗಿಲು ಇರಲಿ ಸರ್. ಇದರ ಚಿಲಕ ಹಳೇ ಕಾಲದ್ದು."

"ಅದನ್ಯಾರು ನೋಡ್ತಾರೆ? ಹಿಂದುಗಡೆ, ಮೊಣಕಾಲ ಹತ್ತಿರ..."

ಸದಾ ಗೋಡೆಗೊರಗಿರುವ ಬಾಗಿಲದು. ಹಿಂಬದಿಯಲ್ಲಿ ಚಿಲಕವಿದೆಯೆಂದು ನನಗೇ ಆ ದಿನದವರೆಗೆ ತಿಳಿದಿರಲಿಲ್ಲ.

ಅವರು ಕಷ್ಟಪಟ್ಟು ಕುಕ್ಕರಿಸಿ ಚಿಲಕ ಸರಿಸಿದರು. ಸದ್ದೇ ಆಗಲಿಲ್ಲ. ಬೆರಳಿಗಂಟಿದ ಎಣ್ಣೆಯನ್ನು ಮೂಸಿ ನೋಡಿದರು.

"ಆಗ ಎಣ್ಣೆ ಹಚ್ಚೋದು ಅಡುಗೆಯವಳ ಮಗಳ ಕೆಲಸ," ಎಂದರು. "ಚಿಲಕ ಹಾಕೋದು ನನ್ನದು."

ಎದ್ದು, "ಬಡಗಿಗೆ ಬರಬೇಡ ಅನ್ನಿ," ಎಂದು ಹೊರಟರು. ಸದಾ ತಲೆ ಎತ್ತಿಯೇ ಹಜಾರ ದಾಟುತ್ತಿದ್ದವರು, ಆ ಸಂಜೆ ಇಲ್ಲದ ತೊಲೆಗೆ ಬಗ್ಗಿ ದಾಟಿದರು.